ಗದಗಿನ ಅಂಗಡಿಗೂ ಹುಬ್ಬಳ್ಳಿಯ ಹಾಸ್ಟೆಲಿಗೂ ಒಂದೇ ಲ್ಯಾಪ್‌ಟಾಪ್ ಸಾಕೇ?

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಚಿಕ್ಕ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಆನ್‌ಲೈನ್ ಅರ್ಜಿ ತುಂಬುವುದು, ಪಹಣಿ ತೆಗೆದುಕೊಡುವುದು, ಲಗ್ನಪತ್ರಿಕೆ ಮಾಡುವುದು ನಮ್ಮ ಕೆಲಸ. ಟೈಪಿಂಗ್ ಎಲ್ಲ ನನ್ನ ಹೆಂಡತಿಯದು. 2014ರಲ್ಲಿ ಕೊಂಡ ಡೆಸ್ಕ್‌ಟಾಪ್ ಇದೆ. ನಡೆಯುತ್ತದೆ, ಆದರೆ ಬಹಳ ನಿಧಾನ. ಮಗಳು ಈ ವರ್ಷ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಸೇರುತ್ತಾಳೆ, ಹಾಸ್ಟೆಲಿನಲ್ಲಿ ಇರುತ್ತಾಳೆ. ಕೈಯಲ್ಲಿರುವುದು 65 ಸಾವಿರ. ವಿಚಾರಿಸಲು ಹೋದಾಗ ಒಬ್ಬ ಅಂಗಡಿಯವರು, "ಒಂದು ಚಲೋ ಲ್ಯಾಪ್‌ಟಾಪ್ ತಗೊಂಡ್‌ಬಿಡ್ರಿ, ಎರಡೂ ಕೆಲಸ ಆಗ್ತಾವ. ಶನಿವಾರ ಮಗಳು ಊರಿಗೆ ಬರೂವಾಗ ತರ್ತಾಳ" ಅಂದರು. ಒಂದೇ ಸಾಕಾಗುತ್ತದೆಯೇ? ಅಂಗಡಿಗೆ ಲ್ಯಾಪ್‌ಟಾಪ್ ಒಳ್ಳೆಯದೋ, ಡೆಸ್ಕ್‌ಟಾಪೋ?

ಉತ್ತರ: ಒಂದು ಸಾಲದು. ಮಗಳಿಗೆ ಹೊಸ ಲ್ಯಾಪ್‌ಟಾಪ್ ಕೊಳ್ಳಿ. ಅಂಗಡಿಗೆ ಡೆಸ್ಕ್‌ಟಾಪಿನ ಡಬ್ಬಿ, ಅಂದರೆ ಜನ ಸಿಪಿಯು ಅನ್ನುವ ಭಾಗ, ಅದನ್ನು ಮಾತ್ರ ಕೊಳ್ಳಿ. 65 ಸಾವಿರದಲ್ಲಿ ಎರಡನ್ನೂ ಹೊಂದಿಸಬಹುದು. ಡಬ್ಬಿ ಮಾತ್ರ ಯಾಕೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಶನಿವಾರದ ಲೆಕ್ಕ ನೋಡೋಣ.

ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್. ಮಗಳು ಪ್ರತಿ ಶನಿವಾರ ತಪ್ಪದೆ ಬಂದರೂ ಅಂಗಡಿಗೆ ಆ ಲ್ಯಾಪ್‌ಟಾಪ್ ಸಿಗುವುದು ವಾರದಲ್ಲಿ ಒಂದೂವರೆ ದಿನ. ಅದರಲ್ಲಿ ಒಂದು ದಿನ ಭಾನುವಾರ. ಉಳಿದ ಐದೂವರೆ ದಿನ ನೀವು ಅದೇ ಹಳೇ ಯಂತ್ರದ ಮುಂದೆ ಕೂತಿರುತ್ತೀರಿ. ವಿದ್ಯಾರ್ಥಿವೇತನದ ಅರ್ಜಿಗೆ ನಾಳೆಯೇ ಕೊನೇ ದಿನ ಅಂತ ಹುಡುಗರು ಸಾಲು ನಿಂತಾಗ ಹೊಸ ಯಂತ್ರ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಇರುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಮಗಳು ಊರಿಗೇ ಬರುವುದಿಲ್ಲ. ಬರಬೇಕು ಅಂತ ನೀವೂ ಹೇಳಬಾರದು.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ನಿಮ್ಮ ಕಂಪ್ಯೂಟರಿನಲ್ಲಿ ಏನೇನಿದೆ ಅಂತ ಒಮ್ಮೆ ಯೋಚಿಸಿ. ಊರ ಮಂದಿಯ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಹೆಣ್ಣುಮಕ್ಕಳ ಫೋಟೋ, ಸಹಿ. ಒಬ್ಬರದಲ್ಲ, ನೂರಾರು ಜನರದು. ನಿಮ್ಮನ್ನು ನಂಬಿ ಕೊಟ್ಟದ್ದು. ಅದೆಲ್ಲ ಒಂದು ಬ್ಯಾಗಿನಲ್ಲಿ ಬಸ್ಸು ಹತ್ತಿ, ನಾಲ್ಕು ಜನರ ಹಾಸ್ಟೆಲ್ ಕೋಣೆಯ ಮಂಚದ ಮೇಲೆ ಇರುವುದು ಸರಿಯೇ? ಮಗಳ ಮೇಲೆ ಅನುಮಾನದ ಮಾತಲ್ಲ ಇದು. ಬ್ಯಾಗ್ ಕಳೆದರೆ ಎಲ್ಲವೂ ಒಟ್ಟಿಗೇ ಹೋಗುತ್ತದೆ, ಅಷ್ಟೇ. ಬರೀ ಈ ಕಾರಣಕ್ಕೇ ನಾನು ಒಂದೇ ಲ್ಯಾಪ್‌ಟಾಪ್ ಬೇಡ ಅನ್ನುತ್ತೇನೆ.

ಈಗ ಅಂಗಡಿಯ ಮಾತು.

ನಾನು ಹುಬ್ಬಳ್ಳಿಯಲ್ಲಿ 22 ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ ಅಂತ ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ: ಅದು ಎಲ್ಲಿ ಕೂರುತ್ತದೆ? ದಿನವೂ ಒಂದೇ ಟೇಬಲ್ ಮೇಲೆ ಕೂರುವ ಯಂತ್ರ ಡೆಸ್ಕ್‌ಟಾಪೇ ಆಗಿರಬೇಕು. ಹೆಗಲ ಮೇಲೆ ಹೋಗುವುದು ಲ್ಯಾಪ್‌ಟಾಪ್ ಆಗಬೇಕು. ಉಳಿದ ಲೆಕ್ಕವೆಲ್ಲ ಇದರ ಕೆಳಗೆ ಬರುತ್ತದೆ.

ಯಾಕೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ದಲಾಲರು ಒಂದು ಲ್ಯಾಪ್‌ಟಾಪ್ ತಂದಿದ್ದರು. ಚಾಲೂ ಮಾಡಿದ ಹತ್ತು ನಿಮಿಷಕ್ಕೆ ತಾನೇ ಬಂದ್ ಆಗುತ್ತಿತ್ತು. ಅಡಿಯ ಹನ್ನೊಂದು ಸ್ಕ್ರೂ ಬಿಚ್ಚಿ, ಸುತ್ತಲಿನ ಕ್ಲಿಪ್ ಒಂದೊಂದಾಗಿ ಎಬ್ಬಿಸಿ ತೆರೆದೆ. ಫ್ಯಾನ್ ಗಾಳಿ ಹೊರಹೋಗುವ ಜಾಗದಲ್ಲಿ ತಾಮ್ರದ ತೆಳು ಪಟ್ಟಿಗಳಿರುತ್ತವೆ, ಬಾಚಣಿಗೆಯ ಹಲ್ಲಿನ ಹಾಗೆ. ಆ ಹಲ್ಲುಗಳ ನಡುವೆ ಕೆಂಪು ಧೂಳು ಕೂತು ಕೂತು ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗಿತ್ತು. ಚಿಮಟದಿಂದ ಎಳೆದರೆ ಇಡೀ ಪದರವೇ ಕೈಗೆ ಬಂತು. ಅಂಗಡಿಯಲ್ಲಿದ್ದ ನಾಲ್ವರಿಗೂ ಸೀನು. ಗಾಳಿ ಆಡದೆ ಒಳಗೆ ಬಿಸಿ ಏರಿ, ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ಯಂತ್ರವನ್ನೇ ನಿಲ್ಲಿಸುತ್ತಿತ್ತು. ಅದೇ ಮಳಿಗೆಯಲ್ಲಿ ಆರು ವರ್ಷದ ಹಳೇ ಡೆಸ್ಕ್‌ಟಾಪೂ ಇತ್ತು. ಅದರೊಳಗೂ ಅಷ್ಟೇ ಧೂಳು. ಆದರೆ ಅದರ ಬದಿಯ ತಗಡಿಗೆ ಎರಡೇ ಸ್ಕ್ರೂ. ತಿಂಗಳಿಗೊಮ್ಮೆ ಅವರ ಗುಮಾಸ್ತರೇ ಬಿಚ್ಚಿ ಬ್ಲೋವರ್ ಹಿಡಿಯುತ್ತಿದ್ದರು. ಅದು ಒಂದು ದಿನವೂ ನಿಂತಿರಲಿಲ್ಲ.

ನಿಮ್ಮಲ್ಲಿ ಮೆಣಸಿನಕಾಯಿ ಇಲ್ಲ. ಆದರೆ ಗದಗಿನ ಸುತ್ತಲೂ ಎರೆ ಹೊಲ, ಬೇಸಿಗೆಯ ಗಾಳಿಗೆ ಬರುವ ಮಣ್ಣು ಹಿಟ್ಟಿನ ಹಾಗಿರುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಅದರ ಜೊತೆಗೆ ಕಾಗದದ ಪುಡಿ ಬೇರೆ. ಲ್ಯಾಪ್‌ಟಾಪಿನ ಸಣ್ಣ ಫ್ಯಾನಿಗೆ ಇದು ಬಹಳ ಕಷ್ಟ.

ಟೈಪಿಂಗ್ ಮಾಡುವವರ ಕಡೆಯಿಂದಲೂ ನೋಡಿ. ನಿಮ್ಮ ಹೆಂಡತಿ ದಿನಕ್ಕೆ ಏಳೆಂಟು ಗಂಟೆ ಕೂರುತ್ತಾರೆ ಅಂತ ಇಟ್ಟುಕೊಳ್ಳೋಣ. ಲ್ಯಾಪ್‌ಟಾಪಿನಲ್ಲಿ ಪರದೆ ಮತ್ತು ಕೀಲಿಮಣೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೈಗೆ ಸರಿಯಾದ ಎತ್ತರದಲ್ಲಿ ಇಟ್ಟರೆ ಕತ್ತು ಬಗ್ಗಿಸಬೇಕು. ಕಣ್ಣಿಗೆ ಸರಿಯಾದ ಎತ್ತರದಲ್ಲಿ ಇಟ್ಟರೆ ಮೊಣಕೈ ಎತ್ತಿ ಹಿಡಿಯಬೇಕು. ಹೀಗೇ ಕೂತರೆ ಕತ್ತುನೋವು ಬರಬಹುದು. ಡೆಸ್ಕ್‌ಟಾಪಿನ ಮಾನಿಟರ್ ಕೆಳಗೆ ಎರಡು ರೀಮ್ ಕಾಗದ ಇಟ್ಟರೆ ಆಯಿತು, ಪರದೆ ಕಣ್ಣಿನ ಮಟ್ಟಕ್ಕೆ ಬಂತು.

ಇನ್ನು ಅಂಕಿಗಳು. ಆಧಾರ್ 12 ಅಂಕಿ, ಮೊಬೈಲ್ 10 ಅಂಕಿ, ಆಮೇಲೆ ಬ್ಯಾಂಕ್ ಖಾತೆ, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್, ಪಿನ್ ಕೋಡ್. ದಿನಕ್ಕೆ ಐವತ್ತು ಅರ್ಜಿ ತುಂಬುವ ಕೈ ಬಲಗಡೆಯ ಅಂಕಿ ಕೀಲಿಗಳ ಮೇಲೆ ನೋಡದೆಯೇ ಓಡುತ್ತದೆ. 14 ಇಂಚಿನ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಆ ಕೀಲಿಗಳು ಇರುವುದೇ ಇಲ್ಲ. 15.6 ಇಂಚಿನಲ್ಲಿ ಇದ್ದರೂ ಒತ್ತೊತ್ತಾಗಿ, ಸಣ್ಣದಾಗಿ ಇರುತ್ತವೆ. ಒಂದು ಅಂಕಿ ತಪ್ಪಿದರೆ ಒಬ್ಬ ಹುಡುಗನ ವಿದ್ಯಾರ್ಥಿವೇತನ ಬೇರೆ ಖಾತೆಯ ದಾರಿ ಹಿಡಿಯಬಹುದು. ಕೀಲಿಮಣೆಯ ಮೇಲೆ ಚಹಾ ಚೆಲ್ಲುವುದೂ ಅಂಗಡಿಯಲ್ಲಿ ಆಗಾಗ ನಡೆಯುತ್ತದೆ. ಡೆಸ್ಕ್‌ಟಾಪಿನಲ್ಲಿ ಹೋಗುವುದು ಕೆಲವು ನೂರು ರೂಪಾಯಿಯ ಕೀಲಿಮಣೆ. ಲ್ಯಾಪ್‌ಟಾಪಿನಲ್ಲಿ ಆ ಚಹಾ ನೇರ ಮದರ್‌ಬೋರ್ಡಿಗೆ ಇಳಿಯುತ್ತದೆ.

ಡಬ್ಬಿ ಮಾತ್ರ ಕೊಳ್ಳಿ ಅಂದೆನಲ್ಲ, ಅದಕ್ಕೆ ಬರುತ್ತೇನೆ. ಚಕ್ಕಡಿಯ ಗಾಲಿ ಮುರಿದರೆ ಗಾಲಿ ಬದಲಿಸುತ್ತೇವೆ, ಚಕ್ಕಡಿಯನ್ನೇ ಬಿಸಾಡುವುದಿಲ್ಲ. ಡೆಸ್ಕ್‌ಟಾಪೂ ಹಾಗೇ. ನಿಮ್ಮ ಮಾನಿಟರ್, ಪ್ರಿಂಟರ್, ಸ್ಕ್ಯಾನರ್, ಯುಪಿಎಸ್ ಎಲ್ಲ ಹಾಗೇ ಇರಲಿ. ನಿಧಾನ ಆಗಿರುವುದು ಡಬ್ಬಿ ಮಾತ್ರ. ಅದನ್ನು ಬದಲಿಸಿ. ಹೊಸದೇ ಆಗಬೇಕೆಂದಿಲ್ಲ. ದೊಡ್ಡ ಕಂಪನಿಗಳ ಕಚೇರಿಗಳಲ್ಲಿ ಮೂರ್ನಾಲ್ಕು ವರ್ಷ ನಡೆದು, ಒಟ್ಟಿಗೆ ಮಾರಾಟಕ್ಕೆ ಬರುವ ಡಬ್ಬಿಗಳನ್ನು ಸ್ವಚ್ಛ ಮಾಡಿ, ಪರೀಕ್ಷಿಸಿ ಮಾರುತ್ತಾರೆ. ಅರ್ಜಿ ತುಂಬುವ ಕೆಲಸಕ್ಕೆ ಅದು ಧಾರಾಳ ಸಾಕು.

ಆದರೆ ಕಣ್ಣು ಮುಚ್ಚಿ ಕೊಳ್ಳಬೇಡಿ. ಮೊದಲು ಪ್ರೊಸೆಸರ್ ಯಾವ ತಲೆಮಾರಿನದು ಅಂತ ಕೇಳಿ. ಐ5-8500 ಅಂತ ಇದ್ದರೆ ಆ 8 ಎಂಟನೇ ತಲೆಮಾರು. ಇಂಟೆಲ್‌ನಲ್ಲಿ ಅದಕ್ಕಿಂತ ಕೆಳಗಿನದು ಬೇಡವೇ ಬೇಡ. ಯಾಕೆಂದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಿಯಮದ ಪ್ರಕಾರ ಕೂರಬೇಕಾದರೆ ಎಂಟನೇ ತಲೆಮಾರು ಅಥವಾ ಮೇಲಿನದು ಬೇಕು, ಮದರ್‌ಬೋರ್ಡಿನಲ್ಲಿ ಟಿಪಿಎಂ 2.0 ಅನ್ನುವ ಭದ್ರತೆಯ ಸೌಲಭ್ಯವೂ ಇರಬೇಕು. ಹಳೇ ಯಂತ್ರದಲ್ಲೂ ಹೇಗೋ ವಿಂಡೋಸ್ 11 ಹಾಕಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಜನರ ಆಧಾರ್ ಮತ್ತು ಬ್ಯಾಂಕ್ ವಿವರ ಹಾದುಹೋಗುವ ಯಂತ್ರದಲ್ಲಿ ಅಂಥ ಹೇಗೋ ಬೇಡ.

ಎರಡನೆಯದು ಡಬ್ಬಿಯ ಆಕಾರ. ಪುಸ್ತಕದ ಹಾಗೆ ತೆಳ್ಳಗೆ, ಚಂದ ಕಾಣುವ ಡಬ್ಬಿಗಳು ಬಹಳ ಬರುತ್ತವೆ. ಅವುಗಳ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್, ಆ ಕಂಪನಿಯ ಆ ಮಾದರಿಗೇ ಅಂತ ಮಾಡಿದ್ದು. ಸುಟ್ಟರೆ ಗದಗದಲ್ಲಷ್ಟೇ ಅಲ್ಲ, ಹುಬ್ಬಳ್ಳಿಯಲ್ಲೂ ಬೇಗ ಸಿಗುವುದಿಲ್ಲ. ಹತ್ತು ಹದಿನೈದು ದಿನ ಅಂಗಡಿ ನಿಲ್ಲುತ್ತದೆ. ನಮ್ಮ ಕಡೆಯ ಕರೆಂಟಿಗೆ ಮೊದಲು ಹೋಗುವ ಭಾಗವೇ ಎಸ್‌ಎಂಪಿಎಸ್ ಅಲ್ವಾ? ಆದ್ದರಿಂದ ಎತ್ತರದ, ದೊಡ್ಡ ಡಬ್ಬಿಯನ್ನೇ ನೋಡಿ. ಕೊಳ್ಳುವ ಮುನ್ನ "ಇದಕ್ಕ ಮಾಮೂಲಿ ಎಸ್‌ಎಂಪಿಎಸ್ ಕೂಡ್ತದೇನ್ರಿ?" ಅಂತ ಒಂದು ಮಾತು ಕೇಳಿ. ದೊಡ್ಡ ಡಬ್ಬಿಗಳಲ್ಲೂ ಕೆಲವಕ್ಕೆ ಕೂಡುವುದಿಲ್ಲ.

ಡಬ್ಬಿಯಲ್ಲಿ 8 ಜಿಬಿ ರ‍್ಯಾಮ್, ಕನಿಷ್ಠ 256 ಜಿಬಿ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಫೈಲು ಇಡುವ ಭಾಗ) ಇರಲಿ. ನಿಮ್ಮ ಈಗಿನ ಕಂಪ್ಯೂಟರ್ ನಿಧಾನ ಆಗಲು ಮುಖ್ಯ ಕಾರಣ ಅದರೊಳಗಿನ ತಿರುಗುವ ಹಾರ್ಡ್ ಡಿಸ್ಕ್ ಇರಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಅದಕ್ಕೇ ಅಷ್ಟು ವೇಗ. 2014ರ ಮಾನಿಟರ್ ಆದ್ದರಿಂದ ಅದಕ್ಕೆ ಹಳೇ ನೀಲಿ ವಿಜಿಎ ತಂತಿ ಮಾತ್ರ ಇರಬಹುದು. ಡಬ್ಬಿಯಲ್ಲಿ ಆ ಪೋರ್ಟ್ ಇದೆಯೇ ನೋಡಿ. ಇಲ್ಲದಿದ್ದರೆ ಒಂದು ಚಿಕ್ಕ ಕನ್ವರ್ಟರ್ ಸಾಕು, ಮಾನಿಟರ್ ಬದಲಿಸಲು ಹೋಗಬೇಡಿ.

ಹಳೇ ಯಂತ್ರವನ್ನು ಗುಜರಿಗೆ ಹಾಕಬೇಡಿ. ನಿಮ್ಮ ಲಗ್ನಪತ್ರಿಕೆಗಳು ಪೇಜ್‌ಮೇಕರ್ ಅಥವಾ ಕೋರೆಲ್ ಡ್ರಾದಲ್ಲಿ, ಹಳೇ ನುಡಿ ಫಾಂಟಿನಲ್ಲಿ ಇರುತ್ತವೆ ಅಂತ ನನ್ನ ಊಹೆ. ಗದಗ ಮುದ್ರಣಕ್ಕೆ ಹೆಸರಾದ ಊರು. ಅಲ್ಲಿನ ಎಷ್ಟೋ ಅಂಗಡಿಗಳ ಹತ್ತಿಪ್ಪತ್ತು ವರ್ಷದ ದುಡಿಮೆ ಹೀಗೆ ಹಳೇ ಫೈಲುಗಳಲ್ಲಿ ಕೂತಿದೆ. ಪೇಜ್‌ಮೇಕರಿನ ಕೊನೇ ಆವೃತ್ತಿ, ಅಂದರೆ 7.0, ಬಂದದ್ದು 2001ರಲ್ಲಿ. ಹೊಸ ವಿಂಡೋಸಿನಲ್ಲಿ ಅದು ತಕರಾರು ಮಾಡುತ್ತದೆ. ಹಾಗಾಗಿ ಹಳೇ ಯಂತ್ರದ ಇಂಟರ್‌ನೆಟ್ ತಂತಿ ತೆಗೆದುಬಿಡಿ, ಪತ್ರಿಕೆಯ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ. ಆನ್‌ಲೈನ್ ಅರ್ಜಿ ಎಲ್ಲ ಹೊಸ ಡಬ್ಬಿಯಲ್ಲಿ, ಯುನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಕನ್ನಡ ಅಕ್ಷರದಲ್ಲಿ, ಆಗಲಿ. ಎರಡಕ್ಕೂ ಒಂದೇ ಮಾನಿಟರ್ ಸಾಕು, ತಂತಿ ಬದಲಿಸಿದರೆ ಆಯಿತು.

ಒಂದು ಕೆಲಸ ಮಾತ್ರ ಈ ವಾರವೇ ಮಾಡಿ. ಹಳೇ ಹಾರ್ಡ್ ಡಿಸ್ಕಿನಲ್ಲಿರುವ ಪತ್ರಿಕೆಯ ಫೈಲು, ಫಾಂಟು ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡಿ. ಹತ್ತು ವರ್ಷ ದಾಟಿದ ಡಿಸ್ಕ್ ಯಾವ ದಿನ ಬೇಕಾದರೂ ನಿಲ್ಲಬಹುದು. ಒಬ್ಬರು ತಮ್ಮ ಇಡೀ ಅಂಗಡಿಯ ಫೈಲು ಕಳೆದುಕೊಂಡು ನನ್ನ ಮುಂದೆ ಕೂತು ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ನನಗೂ ಅವತ್ತು ಏನೂ ಮಾಡಲಾಗಲಿಲ್ಲ.

ಕರೆಂಟಿನ ವಿಷಯಕ್ಕೆ ಲ್ಯಾಪ್‌ಟಾಪ್ ಗೆಲ್ಲುತ್ತದೆ, ಅದನ್ನು ಒಪ್ಪಲೇಬೇಕು. ಕರೆಂಟ್ ಹೋದರೂ ಅದು ನಡೆಯುತ್ತದೆ. ಬಿಲ್ಲೂ ಕಡಿಮೆ. ಡಬ್ಬಿ ಮತ್ತು ಮಾನಿಟರ್ ಸೇರಿ ಸುಮಾರು 100 ವ್ಯಾಟ್ ಅಂತ ಹಿಡಿದರೆ ಹತ್ತು ಗಂಟೆಗೆ ಒಂದು ಯುನಿಟ್. ಲ್ಯಾಪ್‌ಟಾಪಿಗೆ ಅದರ ಮೂರನೇ ಒಂದು ಭಾಗ ಸಾಕು. ತಿಂಗಳಿಗೆ ಇಪ್ಪತ್ತು ಯುನಿಟ್ ಹತ್ತಿರದ ವ್ಯತ್ಯಾಸ. ಅದಕ್ಕಾಗಿ ಅಂಗಡಿಗೆ ಲ್ಯಾಪ್‌ಟಾಪ್ ಇಡುವಷ್ಟು ದೊಡ್ಡ ಉಳಿತಾಯ ಅದಲ್ಲ.

ಯುಪಿಎಸ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಚಿಕ್ಕ 600 ವಿಎ ಯುಪಿಎಸ್ ಒಳಗೆ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಹೊಸದಿದ್ದಾಗ ಅದು ನಿಮ್ಮ ಕಂಪ್ಯೂಟರನ್ನು ಹತ್ತು ಹದಿನೈದು ನಿಮಿಷ ನಡೆಸುತ್ತದೆ. ಅದು ಕೆಲಸ ಮಾಡಲು ಕೊಟ್ಟ ಸಮಯ ಅಲ್ಲ, ಫೈಲ್ ಉಳಿಸಿ ಸರಿಯಾಗಿ ಬಂದ್ ಮಾಡಲು ಕೊಟ್ಟದ್ದು. ಎರಡು ಮೂರು ವರ್ಷಕ್ಕೆ ಆ ಬ್ಯಾಟರಿ ಸೋಲುತ್ತದೆ. ಯುಪಿಎಸ್ ಇದೆ ಅಂತ ಧೈರ್ಯದಿಂದ ಇರುತ್ತಾರೆ, ಒಳಗೆ ಬ್ಯಾಟರಿ ಸತ್ತಿರುತ್ತದೆ. ನಾಳೆ ಬೆಳಿಗ್ಗೆ ಕೆಲಸ ಶುರು ಮಾಡುವ ಮುನ್ನ ಗೋಡೆಯ ಸ್ವಿಚ್ ಒಮ್ಮೆ ಆರಿಸಿ ನೋಡಿ. ಕಂಪ್ಯೂಟರ್ ಅಲ್ಲೇ ಬಂದ್ ಆದರೆ ಬ್ಯಾಟರಿ ಬದಲಿಸಿ. ಇಡೀ ಯುಪಿಎಸ್ ಬೇಡ, ಬ್ಯಾಟರಿ ಮಾತ್ರ.

ಲೇಸರ್ ಪ್ರಿಂಟರನ್ನು ಎಂದಿಗೂ ಯುಪಿಎಸ್‌ಗೆ ಹಾಕಬೇಡಿ. ಕಾಗದಕ್ಕೆ ಟೋನರ್ ಪುಡಿ ಅಂಟಿಸಲು ಒಳಗಿನ ರೋಲರ್ ಬಿಸಿಯಾಗಬೇಕು. ಆ ಕ್ಷಣಕ್ಕೆ ಅದು ನೂರಾರು ವ್ಯಾಟ್ ಎಳೆಯುತ್ತದೆ. 600 ವಿಎ ಯುಪಿಎಸ್ ತಾಳುವುದು ಸುಮಾರು 360 ವ್ಯಾಟ್ ಮಾತ್ರ. ಪ್ರಿಂಟ್ ಕೊಟ್ಟಾಗಲೆಲ್ಲ ಕಂಪ್ಯೂಟರ್ ಬಂದ್ ಆಗುತ್ತದೆ ಅಂತ ಬರುವವರಲ್ಲಿ ಅರ್ಧ ಜನರದು ಇದೇ ತಪ್ಪು. ಅಂಗಡಿಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಅನ್ನುವ ಚಿಕ್ಕ ಸ್ವಿಚ್ ಇದೆಯೇ ನೋಡಿ. ಇದ್ದರೆ ಅದಕ್ಕೆ ಹಾಕಿ, ಕರೆಂಟ್ ಹೋದಾಗ ಕಂಪ್ಯೂಟರ್ ಕಣ್ಣು ಮಿಟುಕಿಸುವುದಿಲ್ಲ. ಅರ್ಥಿಂಗ್ ಸರಿ ಇರಲಿ. ಡಬ್ಬಿಯ ತಗಡು ಮುಟ್ಟಿದಾಗ ಬೆರಳಿಗೆ ಜುಂ ಅಂದರೆ ಅರ್ಥಿಂಗ್ ಸರಿ ಇಲ್ಲ ಅಂತಲೇ ತಿಳಿಯಿರಿ, ಅದೇ ದಿನ ಎಲೆಕ್ಟ್ರಿಷಿಯನ್ ಕರೆಸಿ.

ಇನ್ನು ಮಗಳ ಲ್ಯಾಪ್‌ಟಾಪ್.

65 ಸಾವಿರದಲ್ಲಿ 45ರಿಂದ 48 ಸಾವಿರ ಇದಕ್ಕೆ ಇಡಿ. ಉಳಿದದ್ದು ಡಬ್ಬಿಗೆ, ನಕಲು ಇಡುವ ಡಿಸ್ಕಿಗೆ, ಯುಪಿಎಸ್ ಬ್ಯಾಟರಿಗೆ. ದರ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ, ಆದ್ದರಿಂದ ಮಾದರಿಯ ಹೆಸರು ಹೇಳುವುದಿಲ್ಲ, ನೋಡಬೇಕಾದ್ದನ್ನು ಹೇಳುತ್ತೇನೆ.

ಸ್ಟಿಕ್ಕರ್ ಮೇಲಿನ "ಐ5" ನೋಡಿ ಮರುಳಾಗಬೇಡಿ. ಐ5-12400 ಅನ್ನುವುದು ಡೆಸ್ಕ್‌ಟಾಪಿನದು, ಅದರ ಮೂಲ ವಿದ್ಯುತ್ ಲೆಕ್ಕ 65 ವ್ಯಾಟ್. ಐ5-1235ಯು ಲ್ಯಾಪ್‌ಟಾಪಿನದು, ಅದರದು 15 ವ್ಯಾಟ್. ಎರಡೂ ಐ5, ಎರಡೂ 12ನೇ ತಲೆಮಾರು. ಆದರೆ ತುಂಬಾ ಹೊತ್ತು ಭಾರದ ಕೆಲಸ ಕೊಟ್ಟರೆ ಒಂದೇ ಸಮ ಎಳೆಯುವುದು ಡೆಸ್ಕ್‌ಟಾಪಿನದೇ. ಲ್ಯಾಪ್‌ಟಾಪಿನ ತೆಳ್ಳನೆ ಹೊಟ್ಟೆಯಲ್ಲಿ ಬಿಸಿ ಹೊರಹಾಕಲು ಜಾಗ ಇಲ್ಲ, ಅದಕ್ಕೇ ಅದನ್ನು ಕಡಿಮೆ ವಿದ್ಯುತ್ತಿಗೆ ಪಳಗಿಸಿರುತ್ತಾರೆ. ಕೊನೆಯ ಯು ಅಕ್ಷರ ಇದನ್ನೇ ಹೇಳುತ್ತದೆ. ಮಗಳಿಗೆ ಅದು ದೋಷವಲ್ಲ, ಗುಣ. ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ತೂಕವೂ ಕಡಿಮೆ ಇರುತ್ತದೆ. ಮೊದಲ ವರ್ಷದ ಸಿ, ಪೈಥಾನ್ ಪ್ರೋಗ್ರಾಮಿಂಗ್ ಕಲಿಕೆಗೆ ಅದು ಬೇಕಾದಷ್ಟಾಯಿತು.

ಗೇಮಿಂಗ್ ಲ್ಯಾಪ್‌ಟಾಪ್ ಬಹಳ ಮಕ್ಕಳು ಕೇಳುತ್ತಾರೆ. ಯಂತ್ರ ಎರಡು ಕಿಲೋಗೂ ಮೇಲೆ, ಚಾರ್ಜರ್ ಬೇರೆ ಇಟ್ಟಿಗೆಯಷ್ಟು. ಬ್ಯಾಟರಿ ಬೇಗ ಮುಗಿಯುತ್ತದೆ. ಹಾಸ್ಟೆಲಿನಿಂದ ಕಾಲೇಜು, ಕಾಲೇಜಿನಿಂದ ಲೈಬ್ರರಿ, ರಜೆಗೆ ಗದಗಿನ ಬಸ್ಸು. ನಾಲ್ಕು ವರ್ಷ ಹೊರಬೇಕಾದವಳು ಅವಳು. 14 ಇಂಚಿನ, ಒಂದೂವರೆ ಕಿಲೋ ಆಸುಪಾಸಿನದು ನೋಡಿ.

ರ‍್ಯಾಮ್ 16 ಜಿಬಿ ಸಿಕ್ಕರೆ ಬಹಳ ಒಳ್ಳೆಯದು. ದರಕ್ಕೆ ಹೊಂದದಿದ್ದರೆ 8 ಜಿಬಿ ತೆಗೆದುಕೊಳ್ಳಿ, ಆದರೆ ಒಂದು ಸ್ಲಾಟ್ ಖಾಲಿ ಇರುವುದನ್ನು ಕೇಳಿ ಖಚಿತ ಮಾಡಿಕೊಳ್ಳಿ. ಇತ್ತೀಚಿನ ಎಷ್ಟೋ ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಮುಂದೆ ಹೆಚ್ಚಿಸಲು ಬರುವುದಿಲ್ಲ. ಎಸ್‌ಎಸ್‌ಡಿ 512 ಜಿಬಿ ಇರಲಿ.

ಅಂಗಡಿಯಲ್ಲಿ ಪರದೆಯನ್ನು ಒಂದೇ ಕೈಯಿಂದ, ಒಂದು ಮೂಲೆ ಹಿಡಿದು ತೆರೆದು ನೋಡಿ. ಇಡೀ ಪರದೆ ತಿರುಚಿದ ಹಾಗೆ ಬಾಗಿದರೆ ಆ ಮಾದರಿ ಬಿಡಿ. ನನ್ನ ಹತ್ತಿರ ಬರುವ ವಿದ್ಯಾರ್ಥಿಗಳ ಲ್ಯಾಪ್‌ಟಾಪುಗಳಲ್ಲಿ ಕೀಲು ಮುರಿದವೇ ಜಾಸ್ತಿ. ಎಡ ಮೂಲೆಯಲ್ಲಿ ಕೂದಲೆಳೆಯ ಬಿರುಕು ಬರುತ್ತದೆ, ಆಮೇಲೆ ಮುಚ್ಚುವಾಗ ಕಟಕ್ ಅನ್ನುತ್ತದೆ, ಒಂದು ದಿನ ಕೀಲು ಪ್ಲಾಸ್ಟಿಕ್ಕನ್ನು ಸೀಳಿಕೊಂಡು ಹೊರಬರುತ್ತದೆ. ಮಗಳಿಗೆ ಹೇಳಿ: ಯಾವಾಗಲೂ ಮೇಲಂಚಿನ ನಡುವೆ ಹಿಡಿದು ತೆರೆ, ಚಾರ್ಜರ್ ತಂತಿಯನ್ನು ಒಳಗಿಟ್ಟು ಮುಚ್ಚಬೇಡ.

ಬ್ಯಾಟರಿಯ ಆಯಸ್ಸು ಸಾಮಾನ್ಯವಾಗಿ 300ರಿಂದ 500 ಪೂರ್ತಿ ಚಾರ್ಜ್. ಆಮೇಲೂ ನಡೆಯುತ್ತದೆ, ಹಿಡಿಯುವುದು ಕಡಿಮೆಯಾಗುತ್ತದೆ. ಹೊಸ ಲ್ಯಾಪ್‌ಟಾಪುಗಳ ಸೆಟ್ಟಿಂಗಿನಲ್ಲಿ ಚಾರ್ಜ್ 80 ಶೇಕಡಾಕ್ಕೆ ನಿಲ್ಲಿಸುವ ಆಯ್ಕೆ ಹೆಚ್ಚಾಗಿ ಇರುತ್ತದೆ. ಕೋಣೆಯಲ್ಲಿ ಪ್ಲಗ್ ಹಾಕಿಯೇ ಓದುವ ದಿನಗಳಲ್ಲಿ ಅದನ್ನು ಹಾಕಿಕೊಳ್ಳಲಿ. ಹಾಸಿಗೆ, ದಿಂಬಿನ ಮೇಲೆ ಇಟ್ಟು ನಡೆಸುವುದು ಬೇಡ, ಅಡಿಯ ಗಾಳಿಕಿಂಡಿ ಮುಚ್ಚಿಹೋಗುತ್ತದೆ.

ವಾರಂಟಿ ಓದಿ. ಮನೆಗೇ ಬಂದು ರಿಪೇರಿ ಅಂತ ಬರೆದಿರುತ್ತದೆ. ಹುಬ್ಬಳ್ಳಿಗೆ ಅದು ಇರಬಹುದು, ಗದಗಿನ ಪಿನ್ ಕೋಡಿಗೆ ಇರಲಿಕ್ಕಿಲ್ಲ. ಮಗಳು ಹುಬ್ಬಳ್ಳಿಯಲ್ಲೇ ಇರುವುದರಿಂದ ನಿಮಗೆ ತೊಂದರೆ ಇಲ್ಲ, ಆದರೂ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬಿಲ್ ಬೇಡ ಅಂದರೆ ಕಡಿಮೆಗೆ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಕಂಪ್ಯೂಟರಿಗೆ ಜಿಎಸ್‌ಟಿ 18 ಶೇಕಡಾ. ನಿಮ್ಮ ಅಂಗಡಿ ಜಿಎಸ್‌ಟಿಯಲ್ಲಿ ನೋಂದಣಿ ಆಗಿದ್ದರೆ ಅಂಗಡಿಯ ಡಬ್ಬಿಯ ಬಿಲ್ಲನ್ನು ಆ ನಂಬರಿಗೇ ಮಾಡಿಸಿ, ಅದರ ಮೇಲಿನ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಲು ಬರಬಹುದು. ಉಪಯೋಗಿಸಿದ ಡಬ್ಬಿಗೂ ಕನಿಷ್ಠ ಆರು ತಿಂಗಳ ಖಾತರಿ ಬರಹದಲ್ಲಿ ಕೇಳಿ.

ಕೊಳ್ಳುವ ಕ್ರಮ ಹೀಗಿರಲಿ. ಅಂಗಡಿಯ ಡಬ್ಬಿ ಈ ತಿಂಗಳೇ ತನ್ನಿ, ಅದಕ್ಕೆ ಕಾಯುವ ಕಾರಣ ಇಲ್ಲ. ಲ್ಯಾಪ್‌ಟಾಪ್ ಮಾತ್ರ ಸೀಟು ಮತ್ತು ಬ್ರಾಂಚ್ ಖಚಿತ ಆಗುವವರೆಗೆ ಬೇಡ. ಕಂಪ್ಯೂಟರ್ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ಸ್ ಆದರೆ ಮೇಲೆ ಹೇಳಿದ್ದು ಸರಿ ಹೋಗುತ್ತದೆ. ಮೆಕ್ಯಾನಿಕಲ್ ಅಥವಾ ಸಿವಿಲ್ ಆದರೆ ಮುಂದೆ ಮೂರು ಆಯಾಮದ ಡ್ರಾಯಿಂಗ್ ಬರುತ್ತದೆ, ಆಗ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದ ಮಾತು ಬರಬಹುದು. ಅದು ನಿಮ್ಮ ಹಣ ಮೀರುತ್ತದೆ. ಅಂಥ ಕೆಲಸಕ್ಕೆ ಕಾಲೇಜಿನ ಲ್ಯಾಬಿನಲ್ಲಿ ಡೆಸ್ಕ್‌ಟಾಪುಗಳಿರುತ್ತವೆ. ಎಷ್ಟು ಗಂಟೆವರೆಗೆ ಲ್ಯಾಬ್ ತೆರೆದಿರುತ್ತದೆ ಅಂತ ಪ್ರವೇಶದ ದಿನವೇ ಮಗಳು ಸೀನಿಯರ್‌ಗಳನ್ನು ಕೇಳಿಕೊಂಡು ಬರಲಿ. ಆಮೇಲೆ ಬ್ರಾಂಚಿನ ಹೆಸರು ಬರೆದು ಕಳಿಸಿ, ಲ್ಯಾಪ್‌ಟಾಪ್ ಬಗ್ಗೆ ಮತ್ತೆ ಮಾತಾಡೋಣ.